ಹಳೆ ಮ್ಯಾಸಿಗೆ ಸೆಕೆಂಡ್ ಹ್ಯಾಂಡ್ ಬೇಲರ್: ಪಾಂಡವಪುರದ ಕಡೆಯ ಒಂದು ಪ್ರಕರಣ

ಪಾಂಡವಪುರ ತಾಲ್ಲೂಕಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಒಂದು ಕುಟುಂಬ. ಐದು ಎಕರೆ ಭತ್ತ, ಒಂದಿಷ್ಟು ಕಬ್ಬು, ಕೊಟ್ಟಿಗೆಯಲ್ಲಿ ಏಳು ಹಸು. ಮನೆಯ ಟ್ರ್ಯಾಕ್ಟರ್ ಹಳೆಯ ಮ್ಯಾಸಿ ಫರ್ಗ್ಯುಸನ್ 1035. ಮೂರು ಸಿಲಿಂಡರ್, 35 ಎಚ್‌ಪಿ ವರ್ಗದ ಗಾಡಿ. ಕೈಕೊಯ್ಲು ಇದ್ದಾಗ ಹುಲ್ಲು ಕಂತೆಯಾಗಿಯೇ ಮನೆಗೆ ಬರುತ್ತಿತ್ತು, ಮೆದೆ ಒಟ್ಟಿದರೆ ಮುಗಿಯಿತು. ಈಗ ಕಟಾವು ಮಿಷನ್ ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಅದನ್ನು ಬಾಚಿ ಹೊರಲು ಆಳು ಸಿಗುವುದಿಲ್ಲ, ಹುಲ್ಲನ್ನು ಎತ್ತಿ ಕಂತೆ ಕಟ್ಟುವ ಬೇಲರ್ ಬಾಡಿಗೆಗೆ ಬರುವಷ್ಟರಲ್ಲಿ ಮಳೆಯೋ ಮುಂದಿನ ಉಳುಮೆಯೋ ಬಂದಿರುತ್ತದೆ. ಹಾಗಾಗಿ ಹಳೆಯದೊಂದು ಬೇಲರ್ ಕೊಂಡು ತಮ್ಮ ಹುಲ್ಲನ್ನೂ ಅಕ್ಕಪಕ್ಕದವರ ಹುಲ್ಲನ್ನೂ ಕಟ್ಟಬಹುದೇ ಎಂಬ ಪ್ರಶ್ನೆ ಎದ್ದಿತು.

ಮಾರಾಟಕ್ಕಿದ್ದದ್ದು ಎರಡು ಯಂತ್ರ. ಒಂದು ಚೌಕ ಬೇಲ್ ಕಟ್ಟುವ ದೊಡ್ಡದು. ಇನ್ನೊಂದು ಟ್ರ್ಯಾಕ್ಟರ್ ಹಿಂದಿನ ಲಿಫ್ಟಿನ ತೋಳುಗಳಿಗೆ ಸಿಕ್ಕಿಸುವ ಸಣ್ಣ ರೋಲ್ ಬೇಲರ್, ರೋಲಿನ ಅಡ್ಡಳತೆ 50 ಸೆಂ.ಮೀ., ಉದ್ದ 70 ಸೆಂ.ಮೀ. ಇಂಥ ಹೊತ್ತಲ್ಲಿ ಎಲ್ಲರೂ ಬೇಲರ್‌ನ ಬಣ್ಣ ನೋಡುತ್ತಾ ನಿಲ್ಲುತ್ತಾರೆ. ಮೊದಲು ನೋಡಬೇಕಾದದ್ದು ಮನೆಯ ಟ್ರ್ಯಾಕ್ಟರನ್ನು. ಹಳೆಯ ಸಣ್ಣ ಗಾಡಿಯ ಕ್ಲಚ್, ಪಿಟಿಒ (ಎಂಜಿನ್ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟು) ಮತ್ತು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಎತ್ತುವ ವ್ಯವಸ್ಥೆ), ಈ ಮೂರೇ ಯಾವ ಬೇಲರ್ ಎಂಬುದನ್ನು ತೀರ್ಮಾನಿಸುತ್ತವೆ. ಬೆಲೆಯ ಮಾತು ಆಮೇಲಿನದು.

ಕ್ಲಚ್ ಒಂದೇ ಇದ್ದರೆ ಏನಾಗುತ್ತದೆ

1035ರಲ್ಲಿ ಸಿಂಗಲ್ ಕ್ಲಚ್ಚಿನವೂ ಇವೆ, ಡ್ಯುಯಲ್ ಕ್ಲಚ್ಚಿನವೂ ಇವೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಓಡಿಸಿ ನೋಡಬೇಕು. ಬಯಲಲ್ಲಿ ಪಿಟಿಒ ಹಾಕಿ, ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಲೋ ಒಂದನೇ ಗೇರಿನಲ್ಲಿ ಗಾಡಿ ಬಿಡಿ. ಪೆಡಲನ್ನು ಅರ್ಧ ಒತ್ತಿದಾಗ ಗಾಡಿ ನಿಂತು ಪಿಟಿಒ ತಿರುಗುತ್ತಲೇ ಇದ್ದರೆ ಡ್ಯುಯಲ್. ಎರಡೂ ಒಟ್ಟಿಗೆ ನಿಂತರೆ ಒಂದೋ ಸಿಂಗಲ್, ಇಲ್ಲವೇ ಅಡ್ಜಸ್ಟ್‌ಮೆಂಟ್ ಹಾಳಾದ ಡ್ಯುಯಲ್. ಈ ಮನೆಯದು ಸಿಂಗಲ್.

ಇದು ಯಾಕೆ ಇಷ್ಟು ಮುಖ್ಯವೆಂದರೆ, ರೋಲ್ ಬೇಲರ್‌ನ ಕೆಲಸವೇ ನಿಂತು ನಿಂತು ಸಾಗುವುದು. ಹುಲ್ಲು ರೋಲಾಗುವ ಚೇಂಬರ್ ತುಂಬಿದ ಕೂಡಲೇ ಗಾಡಿ ನಿಲ್ಲಬೇಕು, ಆದರೆ ಪಿಟಿಒ ತಿರುಗುತ್ತಲೇ ಇರಬೇಕು. ಆಗಲೇ ದಾರ ಸುತ್ತಿಕೊಳ್ಳುವುದು. ಸಿಂಗಲ್ ಕ್ಲಚ್ ಗಾಡಿಯಲ್ಲಿ ಪೆಡಲ್ ಒತ್ತಿದರೆ ತುಂಬಿದ ರೋಲು ಹೊತ್ತಿರುವಾಗಲೇ ಬೇಲರ್ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟಾಗ ಅಷ್ಟೂ ಭಾರವನ್ನು ನಿಂತಲ್ಲಿಂದ ಎಬ್ಬಿಸಬೇಕು. ಚೈನು ಹಿಗ್ಗುವುದು, ಭಾರ ಹೆಚ್ಚಾದಾಗ ತಾನು ಮುರಿದು ಯಂತ್ರ ಉಳಿಸುವ ಶಿಯರ್ ಬೋಲ್ಟ್ ಮುರಿಯುವುದು ಈ ಕ್ಷಣದಲ್ಲೇ ಹೆಚ್ಚು.

ಚೌಕ ಬೇಲರ್‌ನಲ್ಲಿ ತೊಂದರೆ ಬೇರೆ, ಅಪಾಯ ದೊಡ್ಡದು. ಅದರಲ್ಲಿ ಭಾರವಾದ ಫ್ಲೈವೀಲ್ ಇರುತ್ತದೆ, ಹುಲ್ಲು ಒತ್ತುವ ಪ್ಲಂಜರ್ ನಿಮಿಷಕ್ಕೆ ಸುಮಾರು 80 ಬಾರಿ ಹಿಂದೆ ಮುಂದೆ ಹೊಡೆಯುತ್ತದೆ. ಪಿಟಿಒ ಗೇರ್‌ಬಾಕ್ಸ್ ಜೊತೆಗೇ ಸೇರಿಕೊಂಡಿರುವ ಹಳೆ ಗಾಡಿಗಳಲ್ಲಿ ನೀವು ಕ್ಲಚ್ ತುಳಿದರೂ ತಿರುಗುತ್ತಿರುವ ಫ್ಲೈವೀಲ್ ಪಿಟಿಒ ಶಾಫ್ಟಿನ ಮೂಲಕ ಗೇರ್‌ಬಾಕ್ಸನ್ನು ತಿರುಗಿಸಿ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಮುಂದೆ ನಾಲೆ ಏರಿಯೋ ಆಳೋ ಇದ್ದರೆ ಅನಾಹುತ. ಒಂದೇ ಕಡೆಗೆ ತಿರುಗುವ ಓವರ್‌ರನ್ ಕ್ಲಚ್ ಹಾಕಿದರೆ ಈ ನೂಕು ನಿಲ್ಲುತ್ತದೆ, ಆದರೆ ಹೊಡೆತ ನಿಲ್ಲುವುದಿಲ್ಲ. ಟನ್ನಿಗಿಂತ ಭಾರದ ಎಳೆಯುವ ಯಂತ್ರವನ್ನು ತೆವರಿ ದಾಟಿಸಿಕೊಂಡು ಹತ್ತು ಗುಂಟೆಯ ಗದ್ದೆಗಳಲ್ಲಿ ತಿರುಗಿಸುವುದೂ ಆಗದ ಮಾತು. ಅಂಥ ಬೇಲರ್‌ಗಳು ಸಾಮಾನ್ಯವಾಗಿ 45 ಎಚ್‌ಪಿ ಮತ್ತು ಮೇಲಿನ ಗಾಡಿ ಕೇಳುತ್ತವೆ. 35ರ ಗಾಡಿಗೆ ಚೌಕ ಬೇಲರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಇದು ನಮ್ಮ ಖಚಿತ ಅಭಿಪ್ರಾಯ. ಈ ಕುಟುಂಬವೂ ಅದನ್ನು ಅಲ್ಲಿಗೇ ಬಿಟ್ಟಿತು.

ಪಿಟಿಒ ಮತ್ತು ಎಣ್ಣೆ

ಪಿಟಿಒ ತುದಿ 1⅜ ಇಂಚಿನ ಆರು ಹಲ್ಲಿನದು, ಬೇಲರ್ ಕೇಳುವುದೂ 540 ಆರ್‌ಪಿಎಂ, ಅಲ್ಲಿಗೆ ಜೋಡಿ ಸರಿ. ಆದರೆ ವರ್ಷಗಟ್ಟಲೆ ರೋಟವೇಟರ್ ಓಡಿಸಿದ ಗಾಡಿಯಲ್ಲಿ ಈ ಹಲ್ಲುಗಳು ತಿರುಚಿಕೊಂಡಿರುತ್ತವೆ. ಬೇಲರ್ ಶಾಫ್ಟಿನ ತುದಿಯ ಯೋಕ್ ಕೈಯಲ್ಲಿ ತಳ್ಳಿದರೆ ಸಲೀಸಾಗಿ ಕೂರಬೇಕು. ಸುತ್ತಿಗೆ ಬೇಕಾದರೆ ಶಾಫ್ಟು ಕೆಟ್ಟಿದೆ ಎಂದೇ ಅರ್ಥ.

ವೇಗವನ್ನು ಕಿವಿಯಿಂದ ಅಳೆಯಬೇಡಿ. ಹಳೆ ಗಾಡಿಗಳ ಮೀಟರು ಸತ್ತಿರುತ್ತದೆ. ಶಾಫ್ಟಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ಬೆಳಕು ಬಿಟ್ಟು ಅಳೆಯುವ ಸಣ್ಣ ಟ್ಯಾಕೋಮೀಟರ್ ಸಾಕು. 540 ಬರುವ ಕಡೆ ಥ್ರಾಟಲ್ ಲಿವರಿನ ಪಕ್ಕ ಬಣ್ಣದ ಗೆರೆ ಎಳೆದುಬಿಡಿ. ಬೇಲರ್ ಕಟ್ಟಿ ಹುಲ್ಲು ಎತ್ತುವಾಗ ಮತ್ತೆ ಅಳೆಯಿರಿ. 490ಕ್ಕಿಂತ ಕೆಳಗೆ ಬಿದ್ದರೆ ಎಂಜಿನ್ ಸೋತಿದೆ, ಇಲ್ಲವೇ ಗೇರು ಹೆಚ್ಚಾಯಿತು. ಇಲ್ಲಿ ಎರಡನೇ ಗೇರಿನಲ್ಲಿ 470ಕ್ಕೆ ಇಳಿಯಿತು, ಲೋ ಒಂದರಲ್ಲಿ 505 ನಿಂತಿತು. ಏರ್ ಕ್ಲೀನರ್ ಬಿಚ್ಚಿ ನೋಡಿದರೆ ತಳದ ಎಣ್ಣೆ ಕೆಸರಾಗಿತ್ತು. ಎಣ್ಣೆ ಬದಲಿಸಿ ಜಾಲರಿ ತೊಳೆದ ಮೇಲೆ ಎರಡನೆಯದರಲ್ಲೂ 495 ಬಂತು. ಹುಲ್ಲಿನ ಧೂಳಿನಲ್ಲಿ ದುಡಿಯುವ ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ಸುಗ್ಗಿಯ ಕಾಲದಲ್ಲಿ ದಿನಾ ಬಿಚ್ಚಬೇಕು.

ಇನ್ನು ಹೈಡ್ರಾಲಿಕ್. ರೋಲ್ ಆದ ಮೇಲೆ ಹಿಂಬಾಗಿಲು ಎತ್ತಲು ಒಂದು ಸಿಲಿಂಡರಿಗೆ ಎಣ್ಣೆ ಬೇಕು. ಈ ಗಾಡಿಗೆ ಟ್ರಾಲಿ ಟಿಪ್ಪಿಂಗ್‌ಗೆಂದು ತೆಗೆಸಿದ್ದ ಒಂದು ಪೈಪಿತ್ತು, ಅಷ್ಟು ಸಾಕು, ಏಕೆಂದರೆ ಆ ಸಿಲಿಂಡರ್ ಒಂದೇ ಕಡೆ ಒತ್ತುವುದು, ಬಾಗಿಲು ಭಾರಕ್ಕೆ ತಾನೇ ಇಳಿಯುತ್ತದೆ. ಎಣ್ಣೆಯೂ ಒಂದು ಲೀಟರಿನೊಳಗೆ. ತೊಡಕು ಬೇರೆ ಎರಡು ಕಡೆ ಇದೆ.

ಮೊದಲನೆಯದು, ಫರ್ಗ್ಯುಸನ್ ಪದ್ಧತಿಯಲ್ಲಿ ಪಂಪು ಹಿಂಭಾಗದ ಹೌಸಿಂಗಿನ ಎಣ್ಣೆಯಲ್ಲೇ ಮುಳುಗಿ ಕೂತು ಪಿಟಿಒ ಸಾಲಿನಿಂದಲೇ ತಿರುಗುತ್ತದೆ. ಸಿಂಗಲ್ ಕ್ಲಚ್ಚಿನಲ್ಲಿ ಪೆಡಲ್ ತುಳಿದಿರುವಷ್ಟು ಹೊತ್ತು ಪಂಪೂ ಇಲ್ಲ, ಬಾಗಿಲೂ ಏಳದು. ಎರಡನೆಯದು, ಬೇಲರ್ ಲಿಫ್ಟಿನ ತೋಳುಗಳ ಮೇಲೇ ಕೂತಿದೆ. ಬರೀ ಆ ಟಿಪ್ಪಿಂಗ್ ಪೈಪು ಇದ್ದರೆ ಎಣ್ಣೆ ತೋಳಿಗೂ ಬಾಗಿಲಿಗೂ ಒಟ್ಟಿಗೆ ಹೋಗಿ, ಬಾಗಿಲು ಎತ್ತುವಾಗ ಬೇಲರೂ ಎದ್ದು, ಬಾಗಿಲು ಇಳಿಸುವಾಗ ಬೇಲರೂ ಇಳಿದು ಹುಲ್ಲು ಎತ್ತುವ ಪಿಕಪ್ ಮಣ್ಣಿಗೆ ಕುಕ್ಕುತ್ತದೆ. ನಡುವೆ ಎಣ್ಣೆಯನ್ನು ಬೇಕಾದ ಕಡೆಗೆ ಮಾತ್ರ ಬಿಡುವ ಒಂದು ಸೆಲೆಕ್ಟರ್ ವಾಲ್ವ್ ಹಾಕಿಸಲೇಬೇಕು. ಕೆಲವರು ತೋಳುಗಳನ್ನು ಚೈನಿನಲ್ಲಿ ತೂಗುಹಾಕಿ ಕೆಲಸದ ಎತ್ತರ ಹಿಡಿಯುತ್ತಾರೆ. ಸಮತಟ್ಟು ಹೊಲದಲ್ಲಿ ನಡೆಯುತ್ತದೆ, ಹೆಜ್ಜೆಹೆಜ್ಜೆಗೂ ತೆವರಿ ಇರುವ ನಾಲೆ ಬಯಲಿನಲ್ಲಿ ಬೇಲರ್ ಎತ್ತುತ್ತಲೇ ಇರಬೇಕಾದ್ದರಿಂದ ಅದು ಸಾಲದು. ಜೋಡಿಸುವ ಮುಂಚೆ ಬೇಲರ್ ಸಿಲಿಂಡರಿನ ಹಳೆ ಎಣ್ಣೆಯನ್ನು ಪೂರ್ತಿ ಹೊರಗೆ ಬಿಡಿ. ಅದು ನೇರ ಹೋಗಿ ಸೇರುವುದು ನಿಮ್ಮ ಗೇರ್‌ಬಾಕ್ಸಿನ ಎಣ್ಣೆಗೆ.

ಭಾರದ ಲೆಕ್ಕವೂ ಇದೆ. ಹಿಂದೆ ನಾಲ್ಕು ನೂರು ಕೆಜಿಯ ಆಸುಪಾಸು ತೂಗುತ್ತಿರುವಾಗ ಮುಂದಿನ ಚಕ್ರಗಳ ಮೇಲೆ ಒಟ್ಟು ಭಾರದ ಐದನೇ ಒಂದು ಪಾಲಾದರೂ ಉಳಿಯಬೇಕು, ಇಲ್ಲವಾದರೆ ತೆವರಿ ಹತ್ತುವಾಗ ಸ್ಟೇರಿಂಗ್ ಗಾಳಿಯಲ್ಲಿ ತಿರುಗುತ್ತದೆ. ಇಲ್ಲಿ 20 ಕೆಜಿಯ ನಾಲ್ಕು ತೂಕ ಮುಂದೆ ಹಾಕಿಸಿದರು.

ಯಂತ್ರ ನೋಡಿದ ಬಗೆ

"ಹೋದ ಸುಗ್ಗೀಲೂ ಓಡೈತೆ ಕಣಣ್ಣ, ಏನೂ ತೊಂದ್ರೆ ಇಲ್ಲ" ಎಂದರು ಮಾರುವವರು. ಸುಳ್ಳೇನಲ್ಲ, ಓಡಿತ್ತು. ಹೊಸ ಬಣ್ಣವೂ ಬಳಿದಿತ್ತು. ಬಣ್ಣ ಬಳಿದ ಯಂತ್ರದಲ್ಲಿ ಮೊದಲು ಕಣ್ಣು ಹಾಯಿಸಬೇಕಾದ್ದು ಮೂರು ಪಾಯಿಂಟಿನ ಪಿನ್ನುಗಳ ಬುಡ ಮತ್ತು ಹಿಂಬಾಗಿಲಿನ ತಿರುಗಣಿ. ಬಿರುಕು ಬಿಟ್ಟರೆ ಅಲ್ಲೇ ಬಿಡುವುದು, ವೆಲ್ಡಿಂಗ್ ಗಂಟು ಬಣ್ಣದಡಿ ಅಡಗುವುದೂ ಅಲ್ಲೇ. ಉಗುರಿನಿಂದ ಗೀರಿ ನೋಡಿದರು, ಎಡ ಪಿನ್ನಿನ ಬಳಿ ಹಳೆ ವೆಲ್ಡಿಂಗ್ ಇತ್ತು, ಮೇಲೆ ಪಟ್ಟಿ ಇಟ್ಟು ಗಟ್ಟಿಯಾಗಿಯೇ ಮಾಡಿದ್ದರು. ಅದಕ್ಕೆ ಯಂತ್ರ ತಳ್ಳಿಹಾಕಬೇಕಾಗಿಲ್ಲ.

ಚೈನಿನ ಸವೆತ ಅಳತೆಗೆ ಸಿಗುವಂಥದ್ದು, ವಾದಕ್ಕೆ ಜಾಗವಿಲ್ಲ. ಈ ಬೇಲರ್‌ನ ಮುಖ್ಯ ಚೈನು ಮುಕ್ಕಾಲು ಇಂಚಿನ ಪಿಚ್‌ನದು. ಬಿಗಿಯಾಗಿ ಎಳೆದು ಹದಿನಾರು ಪಿಚ್ ಅಳೆದರೆ ಹೊಸದರಲ್ಲಿ ಸರಿಯಾಗಿ 12 ಇಂಚು. ಅದು 12¼ ಮುಟ್ಟಿದರೆ ಶೇ. 2ರಷ್ಟು ಹಿಗ್ಗಿದೆ, ಬದಲಿಸಬೇಕು. ಇಲ್ಲಿ ಒಂದು ಚೈನು 12⅜ ಇತ್ತು, ಇನ್ನೊಂದು 12¼ರ ಗಡಿಯಲ್ಲಿತ್ತು. ಹಿಗ್ಗಿದ ಚೈನು ಸ್ಪ್ರಾಕೆಟ್ ಹಲ್ಲನ್ನು ಕೊಕ್ಕೆ ಮಾಡುತ್ತದೆ, ಕೊಕ್ಕೆಯಾದ ಸ್ಪ್ರಾಕೆಟಿಗೆ ಹೊಸ ಚೈನು ಹಾಕಿದರೆ ಅದೂ ಬೇಗ ಹಾಳು. ಎರಡನ್ನೂ ಒಟ್ಟಿಗೇ ಬದಲಿಸುವ ಲೆಕ್ಕ ಹಾಕಿ.

ರೋಲರ್ ಬೇರಿಂಗ್‌ಗಳಿಗೆ ಎರಡು ಪರೀಕ್ಷೆ. ಚೈನು ಕಳಚಿ ಒಂದೊಂದೇ ರೋಲರನ್ನು ಕೈಯಲ್ಲಿ ತಿರುಗಿಸುವುದು ಒಂದು. ಕರಕರ ಅಂದರೆ ಹೋಯಿತು. ಇನ್ನೊಂದು, ಖಾಲಿ ಯಂತ್ರವನ್ನು ಹದಿನೈದು ನಿಮಿಷ 540ರಲ್ಲಿ ಓಡಿಸಿ, ಎಂಜಿನ್ ಆಫ್ ಮಾಡಿ, ಪ್ರತಿ ಬೇರಿಂಗ್ ಹೌಸಿಂಗಿಗೆ ಕೈ ಇಡುವುದು. ಎಲ್ಲ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅದೇ ಕಳ್ಳ. ಒಣ ಹುಲ್ಲಿನ ನಡುವೆ ಕಾದ ಬೇರಿಂಗು ಬೆಂಕಿಗೂ ದಾರಿ, ಹಾಗಾಗಿ ಇದು ಬರೀ ದುಡ್ಡಿನ ವಿಷಯವಲ್ಲ. ನಾಲ್ಕು ಬೇರಿಂಗ್ ಬದಲಿಸಬೇಕಿತ್ತು. ಮೇಲಿನ ನಂಬರ್ ನೋಡಿ ಬರೆದುಕೊಂಡರೆ ಮಂಡ್ಯದಲ್ಲೋ ಮೈಸೂರಿನಲ್ಲೋ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ. ಸಿಗದಿರುವುದು ದಾರ ಸುತ್ತುವ ಭಾಗದ ಸಣ್ಣ ಕ್ಯಾಮ್, ಕತ್ತರಿ, ಸ್ಪ್ರಿಂಗುಗಳು. ಅವು ಆಯಾ ಕಂಪನಿಯವೇ ಆಗಬೇಕು. ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ತಗಡಿನ ಫಲಕ ಕಿತ್ತುಹೋಗಿರುವ ಬೇಲರನ್ನು ಅದಕ್ಕೇ ಕೊಳ್ಳಬಾರದು.

ಪಿಕಪ್‌ನ ಸ್ಪ್ರಿಂಗ್ ಹಲ್ಲುಗಳಲ್ಲಿ ಹನ್ನೊಂದು ಇರಲಿಲ್ಲ. ಒಂದೇ ಕಡೆ ಸಾಲಾಗಿ ಮುರಿದಿದ್ದರೆ ಕಲ್ಲಿಗೋ ತೆವರಿಗೋ ಬಡಿದಿದೆ, ಆ ಬದಿಯ ಕ್ಯಾಮ್ ಹಾದಿಯನ್ನೂ ನೋಡಬೇಕು. ಇಲ್ಲಿ ಚದುರಿದಂತೆ ಹೋಗಿದ್ದವು, ಬರೀ ಸವೆತ. ಬಾಗಿಲ ಸಿಲಿಂಡರ್ ಎತ್ತಿ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಕೈಯಗಲ ಇಳಿಯಿತು, ಸೀಲ್ ಕಿಟ್ ಬೇಕು ಎಂದಾಯಿತು. ಗೇರ್‌ಬಾಕ್ಸ್ ಎಣ್ಣೆಯನ್ನು (ಬೇಲರಿನದು) ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರು, ಲೋಹದ ಹೊಳಪು ಇರಲಿಲ್ಲ. ಇದ್ದಿದ್ದರೆ ಮಾತುಕತೆ ಅಲ್ಲೇ ಮುಗಿಯುತ್ತಿತ್ತು.

ಕಾಗದದ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಮೂಲ ಬಿಲ್ ಕೇಳಿ. ಸರ್ಕಾರದ ಸಹಾಯಧನದಲ್ಲಿ ಬಂದ ಯಂತ್ರವಾದರೆ ಮಾರುವುದಕ್ಕೆ ಷರತ್ತುಗಳಿರುತ್ತವೆ, ಆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂಗಡ ಕೊಡಿ. ಸಾಲ ತೀರಿದ ಪತ್ರವೂ ಇರಲಿ.

ಕೇಳಿದ ಬೆಲೆ 1,75,000 ರೂಪಾಯಿ. ಎರಡು ಚೈನು, ಸ್ಪ್ರಾಕೆಟ್, ಬೇರಿಂಗ್, ಹಲ್ಲು, ಸೀಲ್ ಕಿಟ್, ಸೆಲೆಕ್ಟರ್ ವಾಲ್ವ್ ಎಲ್ಲ ಸೇರಿ 19,000 ಆಗುವ ಪಟ್ಟಿಯನ್ನು ಮುಂದಿಟ್ಟು ಮಾತಾಡಿದ್ದರಿಂದ 1,48,000ಕ್ಕೆ ಮುಗಿಯಿತು. ಅಳತೆ ಸಮೇತ ತೋರಿಸಿದ ಪಟ್ಟಿಗೆ ಇರುವ ಬಲ "ಸ್ವಲ್ಪ ಕಮ್ಮಿ ಮಾಡ್ಕೊಳಿ" ಎಂಬ ಮಾತಿಗೆ ಇರುವುದಿಲ್ಲ.

ಗದ್ದೆಗೆ ಇಳಿದಾಗ

ಪಿಟಿಒ ಶಾಫ್ಟನ್ನು ಹಾಗೇ ಸಿಕ್ಕಿಸಲಿಲ್ಲ. ಬೇಲರನ್ನು ಪೂರ್ತಿ ಎತ್ತಿ ಒಮ್ಮೆ, ಪೂರ್ತಿ ಇಳಿಸಿ ಒಮ್ಮೆ ಅಳೆದರು. ಅತಿ ಉದ್ದ ಎಳೆದಾಗಲೂ ಒಳ ಹೊರ ಕೊಳವೆ ಮೂರನೇ ಒಂದು ಭಾಗ ಒಂದರೊಳಗೊಂದು ಇರಬೇಕು, ಅತಿ ಕುಗ್ಗಿದಾಗಲೂ ಒಂದು ಇಂಚಾದರೂ ಜಾಗ ಉಳಿಯಬೇಕು. ಜಾಗ ಉಳಿಯದಿದ್ದರೆ ತೆವರಿ ದಾಟುವಾಗ ಶಾಫ್ಟು ಪಿಟಿಒ ಬೇರಿಂಗನ್ನೇ ಒಳಕ್ಕೆ ಒತ್ತುತ್ತದೆ. ಕತ್ತರಿಸಬೇಕಾದರೆ ಎರಡೂ ಕೊಳವೆಯನ್ನೂ ಮೇಲಿನ ಪ್ಲಾಸ್ಟಿಕ್ ಕವಚವನ್ನೂ ಸಮನಾಗಿ ಕತ್ತರಿಸಿ ಅಂಚು ಅರದಿಂದ ಉಜ್ಜಿ. ಕವಚ ಕಿತ್ತೆಸೆದು ಓಡಿಸುವ ಅಭ್ಯಾಸ ನಮ್ಮ ಕಡೆ ತುಂಬ ಇದೆ. ಪಂಚೆಯ ತುದಿ, ಟವೆಲು, ಸೆರಗು ಸಿಕ್ಕಿದರೆ ಕೈ ಚಾಚುವಷ್ಟು ಸಮಯವೂ ಇರುವುದಿಲ್ಲ. ದಯವಿಟ್ಟು ಕವಚ ಹಾಕಿಸಿ.

ಹುಲ್ಲು ಕಟ್ಟುವ ಹದಕ್ಕೆ ಒಣಗಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದು ತಿರುಚಿ. ಪಟಪಟ ಮುರಿದರೆ ಸರಿ, ಬಳ್ಳಿಯಂತೆ ಬಳುಕಿದರೆ ಇನ್ನೊಂದು ದಿನ ಬಿಸಿಲು ಬೇಕು. ಡಿಸೆಂಬರ್, ಜನವರಿಯಲ್ಲಿ ಮಂಜು ಆರಲು ಹತ್ತು ಹನ್ನೊಂದು ಗಂಟೆಯಾಗುತ್ತದೆ, ಅದಕ್ಕೆ ಮುಂಚೆ ಶುರು ಮಾಡಬಾರದು. ಹಸಿ ಇದ್ದಾಗ ಕಟ್ಟಿದ ರೋಲು ಒಳಗೇ ಕಾದು ಬೂಷ್ಟು ಹಿಡಿಯುತ್ತದೆ, ಹಸು ಮೂಸಿಯೂ ನೋಡುವುದಿಲ್ಲ. ಕೊಯ್ಲಿಗೆ ಹತ್ತು ಹದಿನೈದು ದಿನ ಮುಂಚೆ ಗದ್ದೆಯ ನೀರು ಬಸಿದಿರಬೇಕು. ಕಟಾವು ಮಿಷನ್ನಿನ ಚೈನು ಹೂತ ಕೆಸರು ಗದ್ದೆಯಲ್ಲಿ ಪಿಕಪ್ ಹಲ್ಲು ಮಣ್ಣು ಎತ್ತುತ್ತದೆ, ಹುಲ್ಲೂ ಹಾಳು, ಹಲ್ಲೂ ಹಾಳು. ಹಲ್ಲಿನ ತುದಿ ನೆಲದಿಂದ ಮೂರರಿಂದ ಐದು ಸೆಂ.ಮೀ. ಮೇಲೆ ಇರಲಿ, ಕೂಳೆ ಸವರಿಕೊಂಡು ಹೋದರೆ ಸಾಕು.

ಮೊದಲ ದಿನ ಶಿಯರ್ ಬೋಲ್ಟ್ ಮತ್ತೆ ಮತ್ತೆ ಮುರಿಯಿತು. ಕಾರಣ ಮೇಲೆ ಹೇಳಿದ್ದೇ, ತುಂಬಿದ ಚೇಂಬರನ್ನು ನಿಂತಲ್ಲಿಂದ ಎಬ್ಬಿಸುವುದು. ಗಟ್ಟಿ ಬೋಲ್ಟ್ ಹಾಕಿಬಿಡಿ ಎಂದು ಪಕ್ಕದವರು ಹೇಳುವುದು ಇಂಥ ಹೊತ್ತಲ್ಲೇ. ಹಾಕಬೇಡಿ. ಬೋಲ್ಟ್ ಮುರಿಯದಿದ್ದರೆ ಮುಂದೆ ಮುರಿಯುವುದು ಬೇಲರ್ ಗೇರು ಅಥವಾ ಗಾಡಿಯ ಪಿಟಿಒ ಶಾಫ್ಟು. ಕೈಪಿಡಿ ಹೇಳಿದ ಗಾತ್ರ, ಅದೇ ಗ್ರೇಡು, ಹತ್ತು ಬೋಲ್ಟ್ ಟೂಲ್‌ಬಾಕ್ಸಿನಲ್ಲಿ ಇರಲಿ.

ದಾರಿ ಕೊಟ್ಟದ್ದು ಓಡಿಸುವ ಕ್ರಮ. ರೋಲು ತುಂಬಿದ ಗುರುತು ಕಂಡಾಗ ಕ್ಲಚ್ ತುಳಿಯದೆ, ಥ್ರಾಟಲ್ ಒಂದು ಕ್ಷಣ ತಗ್ಗಿಸಿ, ಗೇರಿನ ಮೇಲಿನ ಬಿಗಿ ಸಡಿಲವಾದಾಗ ಲಿವರನ್ನು ನ್ಯೂಟ್ರಲಿಗೆ ಎಳೆದುಕೊಳ್ಳುವುದು. ಲೋ ಒಂದರ ನಡಿಗೆಯ ವೇಗದಲ್ಲಿ ಲಿವರ್ ಸುಲಭವಾಗಿ ಬರುತ್ತದೆ. ಗಾಡಿ ನಿಲ್ಲುತ್ತದೆ, ಪಿಟಿಒ ನಿಲ್ಲುವುದಿಲ್ಲ, ಪಂಪೂ ನಿಲ್ಲುವುದಿಲ್ಲ. ಮತ್ತೆ ಥ್ರಾಟಲ್ ಗೆರೆಗೆ ತಂದು ದಾರ ಸುತ್ತಿಸಿ, ಬಾಗಿಲು ಎತ್ತಿ ರೋಲು ಕೆಡವಿ, ಬಾಗಿಲು ಕೂತ ಸದ್ದು ಕೇಳಿದ ಮೇಲೆ ಕ್ಲಚ್ ತುಳಿದು ಗೇರ್ ಹಾಕುವುದು. ಆಗ ಚೇಂಬರ್ ಖಾಲಿ ಇರುವುದರಿಂದ ಎಬ್ಬಿಸಲು ಭಾರವಿಲ್ಲ. ಇಳಿಜಾರಿನಲ್ಲಿ ಇದು ಸಲ್ಲದು, ನ್ಯೂಟ್ರಲ್ ಆದ ಗಾಡಿ ಉರುಳುತ್ತದೆ, ಬ್ರೇಕಿನ ಮೇಲೆ ಕಾಲಿರಲೇಬೇಕು. ರೋಲಿನ ಬಿಗಿತದ ಹೊಂದಾಣಿಕೆಯನ್ನೂ ಒಂದು ಹಂತ ಇಳಿಸಿದರು. ಅಲ್ಲಿಂದ ಬೋಲ್ಟ್ ಮುರಿಯುವುದು ನಿಂತಿತು.

ರೋಲು ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣಗೆ ಬರುತ್ತಿತ್ತು. ಹುಲ್ಲಿನ ಸಾಲು ಚೇಂಬರಿಗಿಂತ ಕಿರಿದಾಗಿದ್ದಾಗ ಚಾಲಕ ಒಂದೇ ನೇರಕ್ಕೆ ಹೋದರೆ ಹೀಗಾಗುತ್ತದೆ. ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಹೊರಳಿಸಿಕೊಂಡು ಹೋಗಬೇಕು. ಸಾಲು ಅಗಲ ಹೆಚ್ಚಿದ್ದರೆ ಕವೆಗೋಲಿನಿಂದ ಒಬ್ಬರು ಮುಂಚೆಯೇ ಒಟ್ಟಿಕೊಡಬೇಕು. ಹುಲ್ಲು ಸಿಕ್ಕಿಕೊಂಡಾಗ ಮಾತ್ರ ಎಂಜಿನ್ ಆಫ್ ಆಗದೆ ಯಾರೂ ಬೇಲರ್ ಹತ್ತಿರ ಹೋಗಬಾರದು. ಪಿಕಪ್ ಹುಲ್ಲನ್ನು ಎಳೆದುಕೊಳ್ಳುವ ವೇಗಕ್ಕೆ ಕೈ ಬಿಡಿಸಿಕೊಳ್ಳಲು ಮನುಷ್ಯನಿಗೆ ಆಗದು. ಕಬ್ಬಿನ ತರಗನ್ನೂ ಇದರಲ್ಲೇ ಕಟ್ಟೋಣ ಎಂಬ ಆಸೆ ಬರುತ್ತದೆ. ಇಷ್ಟು ಸಣ್ಣ ಯಂತ್ರಕ್ಕೆ ಅದು ಬೇಡ, ತರಗಿನ ಜೊತೆ ಬರುವ ಕಬ್ಬಿನ ತುಂಡುಗಳು ರೋಲರ್ ನಡುವೆ ಸಿಕ್ಕಿ ಚೈನು ಕಡಿಯುತ್ತವೆ. ರಾಗಿ ಹುಲ್ಲು ಚೆನ್ನಾಗಿ ಕೂರುತ್ತದೆ.

ದಾರ ಸೆಣಬಿನದೇ ಇರಲಿ. ಪ್ಲಾಸ್ಟಿಕ್ ದಾರ ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರಿ ಅಲ್ಲೇ ಗಂಟಾಗುತ್ತದೆ.

ಲೆಕ್ಕ

50×70ರ ಚೇಂಬರಿನ ಗಾತ್ರ 0.137 ಘನ ಮೀಟರ್. ಭತ್ತದ ಹುಲ್ಲು ಸಾಧಾರಣ ಬಿಗಿಯಲ್ಲಿ ಹದಿನೈದು ಕೆಜಿಯ ಸುತ್ತ ಕೂರುತ್ತದೆ, ಎಕರೆಗೆ 90 ರೋಲು ಎಂದು ಹಿಡಿಯಬಹುದು. ರೋಲಿನ ಸುತ್ತಳತೆ ಒಂದೂವರೆ ಮೀಟರ್ ಚಿಲ್ಲರೆ, ಒಂಬತ್ತು ಹತ್ತು ಸುತ್ತಿಗೆ 15 ಮೀಟರ್ ದಾರ. ಕೆಜಿಗೆ 300 ಮೀಟರ್ ಬರುವ ಉಂಡೆಯಾದರೆ ರೋಲಿಗೆ 50 ಗ್ರಾಂ, ಎಕರೆಗೆ ನಾಲ್ಕೂವರೆ ಕೆಜಿ.

ಸ್ವಂತ ಐದು ಎಕರೆ, ಹೊರಗೆ ಇಪ್ಪತ್ತು ಎಕರೆ, ಒಟ್ಟು 2,250 ರೋಲು. ರೋಲಿಗೆ ಬಾಡಿಗೆ 35 ರೂಪಾಯಿ, ಡೀಸೆಲ್ ಲೀಟರಿಗೆ 90, ದಾರ ಕೆಜಿಗೆ 130, ಚಾಲಕ ಮತ್ತು ಆಳಿಗೆ ದಿನಕ್ಕೆ 1,700 ಎಂದು ಇಟ್ಟುಕೊಳ್ಳೋಣ. ನಿಮ್ಮೂರಿನ ದರ ಹಾಕಿ ಬದಲಿಸಿಕೊಳ್ಳಿ. ಸಿಂಗಲ್ ಕ್ಲಚ್ಚಿನಲ್ಲಿ ನಿಲ್ಲಿಸಿ ಹೊರಡಿಸುವುದಕ್ಕೇ ಹೊತ್ತು ಹೋಗಿ ಗಂಟೆಗೆ 35 ರೋಲು ಆಗುತ್ತದೆ, ಗಂಟೆಗೆ ಮೂರು ಲೀಟರ್ ಡೀಸೆಲ್. ಆಗ ರೋಲಿಗೆ ಡೀಸೆಲ್ 8, ದಾರ 6.50, ಕೂಲಿ 7, ಗ್ರೀಸು ರಿಪೇರಿಗೆ 2.50, ಒಟ್ಟು 24. ಉಳಿಯುವುದು 11. ವರ್ಷಕ್ಕೆ 24,750. ಹಾಕಿದ 1,67,000 ತಿರುಗಿ ಬರಲು ಏಳು ವರ್ಷಕ್ಕೆ ತುಸು ಕಡಿಮೆ. ಡ್ಯುಯಲ್ ಕ್ಲಚ್ ಇದ್ದು ಗಂಟೆಗೆ 50 ರೋಲು ಬಿದ್ದರೆ ಖರ್ಚು 19 ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ, ವರ್ಷಕ್ಕೆ ಉಳಿಯುವುದು 35,000ದ ಮೇಲೆ, ಐದು ವರ್ಷದೊಳಗೆ ಹಣ ವಾಪಸು.

ಹಾಗೆಂದು ಕ್ಲಚ್ ಬದಲಿಸಲು ಈಗಲೇ ಓಡಬೇಕಾಗಿಲ್ಲ. ಸಿಂಗಲ್ಲಿನಿಂದ ಡ್ಯುಯಲ್ಲಿಗೆ ಹೋಗಲು ಪ್ಲೇಟ್ ಸೆಟ್ ಒಂದೇ ಸಾಲದು. ಒಂದರೊಳಗೊಂದು ತಿರುಗುವ ಎರಡು ಇನ್‌ಪುಟ್ ಶಾಫ್ಟ್ ಬೇಕು, ಗಾಡಿಯನ್ನು ಬೆಲ್ ಹೌಸಿಂಗಿನಲ್ಲಿ ಎರಡು ಭಾಗ ಮಾಡಿ ಗೇರ್‌ಬಾಕ್ಸನ್ನೂ ಬಿಚ್ಚಬೇಕು. ಈ ಗಾಡಿಯ ಕ್ಲಚ್ ಪ್ಲೇಟ್ ಹೇಗೂ ಕೊನೆಗೆ ಬಂದಿದೆ, ಮುಂದಿನ ಸುಗ್ಗಿಗೆ ಮುಂಚೆ ಗಾಡಿ ಎರಡು ಭಾಗ ಆಗಲೇಬೇಕು. ಆ ಕೂಲಿ ಹೇಗೂ ಕೊಡುವುದರಿಂದ ಶಾಫ್ಟ್ ಮತ್ತು ಕ್ಲಚ್ ಸಾಮಾನಿನ ಹೆಚ್ಚುವರಿ ಬೆಲೆ ನಲವತ್ತು ಸಾವಿರದೊಳಗೆ ಇದ್ದರೆ ನಾಲ್ಕು ಸುಗ್ಗಿಯಲ್ಲಿ ಗಿಟ್ಟುತ್ತದೆ ಎಂದು ಲೆಕ್ಕ ಹಾಕಿ, ಮೆಕ್ಯಾನಿಕ್‌ಗೆ ಗಾಡಿಯ ಸೀರಿಯಲ್ ನಂಬರ್ ಕೊಟ್ಟು ಸಾಮಾನಿನ ದರ ಕೇಳಿದ್ದಾರೆ.